ಸಂಶೋಧನಾಲಯದಿಂದ ಚಾನ್ಸಲರ್ ಪೀಠಕ್ಕೆ

1961ರ ಆಗಸ್ಟ್ 13, ಭಾನುವಾರ. ಆಗಿನ ಪೂರ್ವ ಜರ್ಮನಿಯ ಟೆಂಪ್ಲಿನ್ ಎಂಬ ಪುಟ್ಟ ಪಟ್ಟಣದ ಚರ್ಚಿನಲ್ಲಿ ಎಂದಿನಂತೆ ಪ್ರಾರ್ಥನೆ ನಡೆದಿತ್ತು. ಆದರೆ ಅಂದು ಪ್ರಾರ್ಥನೆಗೆ ಬಂದಿದ್ದವರ ಕಣ್ಣುಗಳಲ್ಲಿ ನೀರಿತ್ತು. ಹಿಂದಿನ ರಾತ್ರಿ ಎಲ್ಲರೂ ಮಲಗಿದ್ದಾಗ ಬರ್ಲಿನ್ ನಗರದ ನಡುವೆ ಸೈನಿಕರು ಮುಳ್ಳುತಂತಿ ಬಿಗಿದಿದ್ದರು. ಅಣ್ಣ ಆ ಕಡೆ, ತಮ್ಮ ಈ ಕಡೆ. ಮಗಳು ಅಲ್ಲಿ, ತಾಯಿ ಇಲ್ಲಿ. ಮುಂದೆ ಆ ತಂತಿಯ ಜಾಗದಲ್ಲಿ ಕಾಂಕ್ರೀಟಿನ ಗೋಡೆ ಎದ್ದಿತು. ಅದೇ ಬರ್ಲಿನ್ ಗೋಡೆ.

ದೊಡ್ಡವರು ಅಳುವುದನ್ನು ಏಳು ವರ್ಷದ ಬಾಲಕಿಯೊಬ್ಬಳು ನೋಡುತ್ತಿದ್ದಳು. ಅವಳು ಆ ಚರ್ಚಿನ ಪಾದ್ರಿಯ ಮಗಳು. ಹೆಸರು ಏಂಜೆಲಾ. ಆ ಗೋಡೆಯ ಹಿಂದೆಯೇ ಬೆಳೆದು, ಭೌತವಿಜ್ಞಾನ ಓದಿ, ಹನ್ನೆರಡು ವರ್ಷ ಸಂಶೋಧನೆ ಮಾಡಿ, ಅನಂತರ ರಾಜಕೀಯಕ್ಕೆ ಬಂದು, ಒಂದಾದ ಜರ್ಮನಿಯನ್ನು ಹದಿನಾರು ವರ್ಷ ಆಳಿದ ಏಂಜೆಲಾ ಮರ್ಕೆಲ್ ಇವರೇ. ಜರ್ಮನಿಯಲ್ಲಿ ಸರ್ಕಾರದ ಮುಖ್ಯಸ್ಥರನ್ನು ಚಾನ್ಸಲರ್ ಎನ್ನುತ್ತಾರೆ. ನಮ್ಮಲ್ಲಿ ಪ್ರಧಾನಿ ಇದ್ದಂತೆ.

ಅಧ್ಯಾಪನ, ಸಂಶೋಧನೆಗಳಿಂದ ರಾಷ್ಟ್ರದ ನಾಯಕತ್ವಕ್ಕೆ ಬಂದವರು ಇವರೊಬ್ಬರೇ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಬೋಧಿಸಿದ್ದ ಡಾ. ರಾಧಾಕೃಷ್ಣನ್ ರಾಷ್ಟ್ರಪತಿಯಾದರು. ದೆಹಲಿಯಲ್ಲಿ ಅರ್ಥಶಾಸ್ತ್ರ ಬೋಧಿಸಿದ್ದ ಡಾ. ಮನಮೋಹನ್ ಸಿಂಗ್ ಪ್ರಧಾನಿಯಾದರು. ಆದರೆ ರಾಜಕೀಯಕ್ಕೂ ಅಣುಗಳ ಲೆಕ್ಕಾಚಾರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಮರ್ಕೆಲ್ ಅವರ ಬದುಕು ಕುತೂಹಲ ಹುಟ್ಟಿಸುವುದು ಇಲ್ಲಿಯೇ.

ಮೂರು ಮೀಟರ್ ಎತ್ತರದ ಹಲಗೆ

ಏಂಜೆಲಾ ಹುಟ್ಟಿದ್ದು 1954ರ ಜುಲೈ 17ರಂದು, ಪಶ್ಚಿಮ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ. ತಂದೆ ಹಾರ್ಸ್ಟ್ ಕಾಸ್ನರ್ ಪ್ರಾಟೆಸ್ಟೆಂಟ್ ಪಾದ್ರಿ. ತಾಯಿ ಹೆರ್ಲಿಂಡ್ ಇಂಗ್ಲಿಷ್ ಮತ್ತು ಲ್ಯಾಟಿನ್ ಶಿಕ್ಷಕಿ. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಆಡಳಿತಕ್ಕೆ ಬೇಸತ್ತು ಜನ ಪಶ್ಚಿಮಕ್ಕೆ ಗುಳೆ ಹೋಗುತ್ತಿದ್ದ ಕಾಲವದು. ಕಾಸ್ನರ್ ಮಾತ್ರ ಹಸುಗೂಸು ಮಗಳೊಂದಿಗೆ ಪಶ್ಚಿಮದಿಂದ ಪೂರ್ವಕ್ಕೆ ಹೊರಟರು. ಅಲ್ಲಿಯ ಚರ್ಚುಗಳಿಗೆ ಪಾದ್ರಿಗಳ ಅಭಾವವಿತ್ತು. ಪಾದ್ರಿಯ ಹೆಂಡತಿ ಎಂಬ ಕಾರಣಕ್ಕೆ ಹೆರ್ಲಿಂಡ್ ಅವರಿಗೆ ಅಲ್ಲಿಯ ಸರ್ಕಾರಿ ಶಾಲೆಗಳ ಬಾಗಿಲು ತೆರೆಯಲಿಲ್ಲ. ಕಲಿತ ವಿದ್ಯೆಯನ್ನು ಮನೆಯಲ್ಲಿ ಮಕ್ಕಳಿಗೇ ಧಾರೆ ಎರೆಯಬೇಕಾಯಿತು.

ಏಂಜೆಲಾ ಓದಿನಲ್ಲಿ ಮುಂದು, ಆಟೋಟದಲ್ಲಿ ಹಿಂದು. ಶಾಲೆಯ ಈಜು ತರಗತಿಯ ಒಂದು ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ಮೂರು ಮೀಟರ್ ಎತ್ತರದ ಹಲಗೆಯಿಂದ ಕೊಳಕ್ಕೆ ಧುಮುಕಬೇಕಿತ್ತು. ಹುಡುಗಿ ಮೇಲೆ ಹತ್ತಿ ನಿಂತಳು. ಕೆಳಗೆ ನೋಡಿದಳು. ಹಿಂದಕ್ಕೆ ಸರಿದಳು. ಮತ್ತೆ ಮುಂದೆ ಬಂದಳು. ಹೆಚ್ಚು ಕಡಿಮೆ ಇಡೀ ಪಿರಿಯಡ್ ಹೀಗೆಯೇ ಕಳೆಯಿತು. ಕೊನೆಗೆ ಗಂಟೆ ಬಾರಿಸುತ್ತಿದ್ದಂತೆ ಧುಮುಕಿಯೇಬಿಟ್ಟಳು! ನಾಯಕಿಯಾದ ಮೇಲೂ ಅವರ ನಡೆ ಹೀಗೆಯೇ ಇತ್ತು ಎಂದು ಅವರನ್ನು ಬಲ್ಲವರು ಈ ಪ್ರಸಂಗವನ್ನು ನೆನೆಯುವುದುಂಟು.

ರಷ್ಯನ್ ಭಾಷೆಯ ಶಾಲಾ ಸ್ಪರ್ಧೆಯಲ್ಲಿ ಗೆದ್ದು ಮಾಸ್ಕೋ ನೋಡಿಬಂದ ಈ ಜಾಣ ಹುಡುಗಿಯ ಉನ್ನತ ವ್ಯಾಸಂಗಕ್ಕೆ 1973ರಲ್ಲಿ ಕುತ್ತು ಬಂತು. ಶಾಲೆಯ ಕೊನೆಯ ವರ್ಷದ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಅವಳ ತರಗತಿಯವರು ಕಮ್ಯುನಿಸ್ಟರ ‘ಇಂಟರ್‌ನ್ಯಾಷನಲ್’ ಗೀತೆಯನ್ನು ಹಾಡಿದರು. ಹಾಡಿದ್ದು ಇಂಗ್ಲಿಷಿನಲ್ಲಿ, ಅಂದರೆ ‘ಶತ್ರು’ಗಳ ಭಾಷೆಯಲ್ಲಿ! ಹುಡುಗರ ಚೇಷ್ಟೆ ಎಂದು ಅಧಿಕಾರಿಗಳು ನಕ್ಕು ಸುಮ್ಮನಾಗಲಿಲ್ಲ. ವಿಶ್ವವಿದ್ಯಾಲಯದ ಸೀಟೇ ಕೈತಪ್ಪುವ ಸ್ಥಿತಿ ಬಂತು. ತಂದೆ ಚರ್ಚಿನ ಹಿರಿಯರ ಮೂಲಕ ಪ್ರಯತ್ನಿಸಿ ಹೇಗೋ ಪಾರು ಮಾಡಿದರು. ಒಂದು ಹಾಡಿಗಾಗಿ ಮಗಳ ಭವಿಷ್ಯವೇ ಮುಳುಗಲಿದೆ ಎಂದಾಗ ಆ ಮನೆಯ ತಾಯಿ ತಂದೆಗೆ ಏನೆನ್ನಿಸಿರಬಹುದು? ಸೀಟಿಗಾಗಿ ಅಲೆದ ಪಾಲಕರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಭೌತವಿಜ್ಞಾನವೇ ಏಕೆ?

ಏಂಜೆಲಾ ಸೇರಿದ್ದು ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ. ಆರಿಸಿಕೊಂಡ ವಿಷಯ ಭೌತವಿಜ್ಞಾನ. ಭಾಷೆಗಳಲ್ಲಿ ಅಷ್ಟು ಚುರುಕಾಗಿದ್ದವರು ಭೌತವಿಜ್ಞಾನವನ್ನೇಕೆ ಹಿಡಿದರು? 2020ರ ಡಿಸೆಂಬರಿನಲ್ಲಿ ಜರ್ಮನಿಯ ಸಂಸತ್ತಿನಲ್ಲಿ ಮಾತನಾಡುತ್ತ ಅವರೇ ಇದಕ್ಕೆ ಉತ್ತರ ಕೊಟ್ಟರು. ಸರ್ಕಾರ ಎಷ್ಟೇ ಬಲಶಾಲಿಯಾಗಿದ್ದರೂ ಗುರುತ್ವಾಕರ್ಷಣೆಯನ್ನು ರದ್ದು ಮಾಡಲಾರದು, ಬೆಳಕಿನ ವೇಗವನ್ನು ಬದಲಿಸಲಾರದು ಎಂಬ ನಂಬಿಕೆಯಿಂದಲೇ ತಾನು ಆ ವಿಷಯವನ್ನು ಆರಿಸಿಕೊಂಡೆ ಎಂಬುದು ಅವರ ಮಾತಿನ ಸಾರ.

ಈ ಮಾತಿನ ತೂಕ ತಿಳಿಯಬೇಕಾದರೆ ಆ ದೇಶದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಅಲ್ಲಿ ಇತಿಹಾಸದ ಪುಸ್ತಕ ಪಕ್ಷ ಹೇಳಿದಂತೆ, ಪತ್ರಿಕೆಯ ಸುದ್ದಿ ಪಕ್ಷ ಹೇಳಿದಂತೆ. ಅಕ್ಕಪಕ್ಕದವರ ಮಾತನ್ನು ಕದ್ದು ಕೇಳಿ ವರದಿ ಮಾಡಲು ‘ಸ್ಟಾಸಿ’ ಎಂಬ ಗುಪ್ತ ಪೊಲೀಸ್ ಪಡೆ ಬೇರೆ. ಅಂಥ ಕಡೆ ಸುಳ್ಳು ಹೇಳದೆ ದುಡಿಯಬಹುದಾದ ಜಾಗಗಳಲ್ಲಿ ವಿಜ್ಞಾನವೂ ಒಂದು. ಎತ್ತರದಿಂದ ಬಿಟ್ಟ ಕಲ್ಲು ಪಕ್ಷದ ಕಾರ್ಯದರ್ಶಿಯ ಅಪ್ಪಣೆಗೆ ಕಾಯುವುದಿಲ್ಲವಷ್ಟೆ!

ಅವರು ವ್ಯವಸ್ಥೆಯ ವಿರುದ್ಧ ಬಹಿರಂಗವಾಗಿ ಸಿಡಿದೆದ್ದವರೇನೂ ಅಲ್ಲ. ಎಲ್ಲ ವಿದ್ಯಾರ್ಥಿಗಳಂತೆ ಸರ್ಕಾರಿ ಯುವ ಸಂಘಟನೆಯ ಸದಸ್ಯರಾಗಿದ್ದರು. ಆಳುವ ಪಕ್ಷವನ್ನು ಮಾತ್ರ ಸೇರಲಿಲ್ಲ. 1977ರಲ್ಲಿ ಸಹಪಾಠಿ ಉಲ್ರಿಚ್ ಮರ್ಕೆಲ್ ಅವರನ್ನು ಮದುವೆಯಾದರು. ಐದು ವರ್ಷಗಳಲ್ಲಿ ಆ ದಾಂಪತ್ಯ ಮುರಿಯಿತು, ‘ಮರ್ಕೆಲ್’ ಎಂಬ ಹೆಸರು ಉಳಿಯಿತು. ಪದವಿಯ ಬಳಿಕ ಇಲ್ಮೆನೌ ಎಂಬಲ್ಲಿ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಸ್ಟಾಸಿಯ ಜನ ಎದುರಾದರು. ತಮಗೆ ಮಾಹಿತಿ ಕೊಡುತ್ತಿರಬೇಕೆಂದು ಕೇಳಿದರು. ತನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಹೇಳಿ ಅವರು ಜಾರಿಕೊಂಡರು. ಕೆಲಸ ಸಿಗಲಿಲ್ಲ.

ಅಣುಗಳ ಜೊತೆ ಹನ್ನೆರಡು ವರ್ಷ

1978ರಲ್ಲಿ ಪೂರ್ವ ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಭೌತ ರಸಾಯನ ಸಂಸ್ಥೆಯಲ್ಲಿ ಸಂಶೋಧಕಿಯ ಹುದ್ದೆ ದೊರೆಯಿತು. ಅವರು ಕೈಗೆತ್ತಿಕೊಂಡ ಸಮಸ್ಯೆ ನಮ್ಮ ಪಿಯುಸಿ ವಿದ್ಯಾರ್ಥಿಗಳಿಗೂ ಅರ್ಥವಾಗುವಂಥದು. ಅಣುವೊಂದರಲ್ಲಿ ಪರಮಾಣುಗಳು ರಾಸಾಯನಿಕ ಬಂಧಗಳಿಂದ ಕೂಡಿಕೊಂಡಿರುತ್ತವೆ. ಉಷ್ಣತೆ ಏರಿದಂತೆ ಅಣು ಅದುರುತ್ತದೆ, ಒಂದು ಹಂತದಲ್ಲಿ ಬಂಧ ಕಡಿದು ಅಣು ಒಡೆಯುತ್ತದೆ. ಈ ಒಡೆಯುವಿಕೆ ಎಷ್ಟು ವೇಗವಾಗಿ ನಡೆಯುತ್ತದೆ? ಪ್ರಯೋಗ ಮಾಡಿ ಅಳೆಯುವುದು ಒಂದು ಬಗೆ. ಕ್ವಾಂಟಂ ಸಿದ್ಧಾಂತದ ನೆರವಿನಿಂದ ಲೆಕ್ಕ ಹಾಕಿಯೇ ಹೇಳುವುದು ಇನ್ನೊಂದು ಬಗೆ. ಮರ್ಕೆಲ್ ಅವರದು ಎರಡನೆಯದು. ಈ ವಿಷಯದ ಮೇಲೆ ಬರೆದ ಪ್ರಬಂಧಕ್ಕೆ 1986ರಲ್ಲಿ ಡಾಕ್ಟರೇಟ್ ಬಂತು.

ತಮಾಷೆಯೆಂದರೆ, ಅಣುಗಳ ಬಗ್ಗೆ ಡಾಕ್ಟರೇಟ್ ಪಡೆಯಲೂ ಅಲ್ಲಿ ಮಾರ್ಕ್ಸ್‌ವಾದದ ಮೇಲೆ ಒಂದು ಪ್ರಬಂಧ ಬರೆಯಲೇಬೇಕಿತ್ತು. ಅದರಲ್ಲಿ ಅವರಿಗೆ ಬಂದದ್ದು ಬರೀ ಪಾಸು ದರ್ಜೆ! ಸಂಶೋಧನ ಪ್ರಬಂಧದ ಹಸ್ತಪ್ರತಿಯನ್ನು ಓದಿ ಸಲಹೆ ಕೊಟ್ಟ ಸಹೋದ್ಯೋಗಿ ಯೋಆಖಿಮ್ ಸೌವರ್ ಹೆಸರಾಂತ ಕ್ವಾಂಟಂ ರಸಾಯನ ವಿಜ್ಞಾನಿ. 1998ರಲ್ಲಿ ಇಬ್ಬರೂ ಮದುವೆಯಾದರು.

ಸಂಶೋಧನೆಯ ದಿನಗಳ ಒಂದು ಚಿತ್ರವನ್ನು ಮರ್ಕೆಲ್ 2019ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಮುಂದಿಟ್ಟರು. ಅವರ ಮನೆ ಬರ್ಲಿನ್ ಗೋಡೆಗೆ ಹತ್ತಿರವಿತ್ತು. ದಿನವೂ ಸಂಜೆ ಸಂಸ್ಥೆಯಿಂದ ಹಿಂದಿರುಗುವಾಗ ಗೋಡೆಯತ್ತಲೇ ನಡೆದು ಬರಬೇಕು. ಆಚೆಗೆ ಸ್ವಾತಂತ್ರ್ಯವಿದೆ. ಆದರೆ ಗೋಡೆ ಸಮೀಪಿಸಿದಂತೆ ದಾರಿ ತಿರುಗಿಸಿ ಮನೆಯ ಕಡೆ ಹೋಗಬೇಕು. ಹೀಗೆ ವರ್ಷಗಟ್ಟಲೆ!

ಗೋಡೆ ಬಿತ್ತು

1989ರ ನವೆಂಬರ್ 9, ಗುರುವಾರ. ಗಡಿ ತೆರೆಯಲಿದೆ ಎಂಬ ಸುದ್ದಿ ಸಂಜೆ ಟೆಲಿವಿಷನ್ನಿನಲ್ಲಿ ಬಂತು. ಮರ್ಕೆಲ್ ತಾಯಿಗೆ ಫೋನ್ ಮಾಡಿ ತಿಳಿಸಿದರು. ಬಳಿಕ ಪ್ರತಿ ಗುರುವಾರದ ಪದ್ಧತಿಯಂತೆ ಗೆಳತಿಯ ಜೊತೆ ಹಬೆ ಸ್ನಾನಕ್ಕೆ ಹೊರಟರು! ಸ್ನಾನ ಮುಗಿಸಿ ಬರುವಾಗ ಜನಸಾಗರ ಗಡಿಯತ್ತ ಹರಿಯುತ್ತಿತ್ತು. ಅವರೂ ಅದರೊಳಗೆ ಸೇರಿ ಪಶ್ಚಿಮ ಬರ್ಲಿನ್ನಿಗೆ ಕಾಲಿಟ್ಟರು. ಮರುದಿನ ಕೆಲಸಕ್ಕೆ ಹೋಗಬೇಕಿದ್ದರಿಂದ ಬೇಗನೆ ಮನೆಗೆ ಮರಳಿದರು.

ಆಗ ಅವರಿಗೆ 35 ವರ್ಷ. ಕೈಯಲ್ಲಿ ಡಾಕ್ಟರೇಟ್ ಇತ್ತು, ಭದ್ರವಾದ ಹುದ್ದೆ ಇತ್ತು. ಆದರೆ ದೇಶವೇ ಮಗ್ಗುಲು ಬದಲಿಸುತ್ತಿದ್ದಾಗ ಅವರು ಸುಮ್ಮನೆ ಕೂರಲಿಲ್ಲ. ಆಗ ತಾನೇ ಹುಟ್ಟಿದ್ದ ‘ಪ್ರಜಾಸತ್ತಾತ್ಮಕ ಜಾಗೃತಿ’ ಎಂಬ ಸಣ್ಣ ಪಕ್ಷದ ಕಚೇರಿಗೆ ಹೋಗಿ ಏನಾದರೂ ಕೆಲಸವಿದೆಯೇ ಎಂದು ಕೇಳಿದರು. ಪಶ್ಚಿಮದಿಂದ ಬಂದಿದ್ದ ಕಂಪ್ಯೂಟರುಗಳು ಪೆಟ್ಟಿಗೆಯಲ್ಲೇ ಬಿದ್ದಿದ್ದವು. ಅವನ್ನು ಬಿಚ್ಚಿ ಜೋಡಿಸಿದ್ದೇ ಅವರ ಮೊದಲ ರಾಜಕೀಯ ಸೇವೆ!

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 1990ರ ಏಪ್ರಿಲಿನಲ್ಲಿ ಪೂರ್ವ ಜರ್ಮನಿಯ ಕೊನೆಯ ಸರ್ಕಾರದ ಉಪ ವಕ್ತಾರೆ. ಅಕ್ಟೋಬರ್ 3ರಂದು ಎರಡೂ ಜರ್ಮನಿ ಒಂದಾದವು. ಡಿಸೆಂಬರಿನಲ್ಲಿ ಬಾಲ್ಟಿಕ್ ಕಡಲ ತೀರದ ಕ್ಷೇತ್ರದಿಂದ ಸಂಸತ್ ಸದಸ್ಯೆ. 1991ರ ಜನವರಿಯಲ್ಲಿ ಚಾನ್ಸಲರ್ ಹೆಲ್ಮುಟ್ ಕೋಲ್ ಅವರ ಸಂಪುಟದಲ್ಲಿ ಮಹಿಳಾ ಮತ್ತು ಯುವಜನ ಖಾತೆಯ ಸಚಿವೆ. ಅಣುಗಳನ್ನು ಬಿಟ್ಟು ಬಂದು ಇನ್ನೂ ವರ್ಷ ತುಂಬಿರಲಿಲ್ಲ!

‘ಹುಡುಗಿ’ ನಾಯಕಿಯಾದದ್ದು

ಪತ್ರಿಕೆಗಳು ಅವರನ್ನು ‘ಕೋಲ್ ಅವರ ಹುಡುಗಿ’ ಎಂದು ಲಘುವಾಗಿ ಕರೆದವು. ಉಡುಗೆಯನ್ನೂ ತಲೆಗೂದಲನ್ನೂ ಆಡಿಕೊಂಡವು. ಅವರು ಎದುರಾಡದೆ ಕಡತಗಳನ್ನು ಓದುತ್ತ ಕುಳಿತರು. 1994ರಲ್ಲಿ ಪರಿಸರ ಸಚಿವೆಯಾದರು. 1995ರಲ್ಲಿ ಬರ್ಲಿನ್ನಿನಲ್ಲಿ ನಡೆದ ವಿಶ್ವಸಂಸ್ಥೆಯ ಮೊದಲ ಹವಾಮಾನ ಸಮ್ಮೇಳನದ ಅಧ್ಯಕ್ಷತೆ ಅವರದೇ. ನೂರಾರು ಪ್ರತಿನಿಧಿಗಳನ್ನು ಒಂದು ಒಪ್ಪಂದಕ್ಕೆ ತಂದು ನಿಲ್ಲಿಸಿದರು. 1997ರ ಕ್ಯೋಟೊ ಒಪ್ಪಂದಕ್ಕೆ ದಾರಿ ಮಾಡಿದ್ದು ಅದೇ.

1999ರಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಲೆಕ್ಕಕ್ಕೆ ತೋರಿಸದ ದೇಣಿಗೆ ಪಡೆದದ್ದನ್ನು ಕೋಲ್ ಒಪ್ಪಿಕೊಂಡರು, ಕೊಟ್ಟವರ ಹೆಸರು ಹೇಳಲು ಮಾತ್ರ ನಿರಾಕರಿಸಿದರು. ಪಕ್ಷದ ಘಟಾನುಘಟಿಗಳೆಲ್ಲ ಬಾಯಿ ಬಿಡಲು ಹಿಂಜರಿದರು. ಆಗ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಮರ್ಕೆಲ್ ಡಿಸೆಂಬರ್ 22ರಂದು ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಪಕ್ಷ ಇನ್ನು ಕೋಲ್ ಅವರನ್ನು ಬಿಟ್ಟು ತನ್ನ ಕಾಲ ಮೇಲೆ ನಿಲ್ಲಬೇಕು ಎಂದರು. ಕೈಹಿಡಿದು ಬೆಳೆಸಿದವರಿಗೇ ತಿರುಗಿ ನಿಂತರು ಎಂದು ಕೆಲವರು, ಸತ್ಯಕ್ಕೆ ನಿಂತರು ಎಂದು ಕೆಲವರು. ಎರಡು ಮಾತೂ ಇಂದಿಗೂ ಕೇಳಿಬರುತ್ತವೆ. ನಾಲ್ಕು ತಿಂಗಳಲ್ಲಿ ಅವರು ಪಕ್ಷದ ಅಧ್ಯಕ್ಷೆಯಾದರು. 2005ರ ನವೆಂಬರ್ 22ರಂದು 51ನೆಯ ವಯಸ್ಸಿನಲ್ಲಿ ಚಾನ್ಸಲರ್ ಆದರು. ಆ ಪೀಠವೇರಿದ ಮೊದಲ ಮಹಿಳೆ ಅವರು, ಪೂರ್ವ ಜರ್ಮನಿಯಲ್ಲಿ ಬೆಳೆದ ಮೊದಲಿಗರೂ ಅವರೇ.

ಸತತ ನಾಲ್ಕು ಬಾರಿ ಅವರು ಚಾನ್ಸಲರ್ ಆದರು. ನಮ್ಮ ದೇಶಕ್ಕೂ ಹಲವು ಬಾರಿ ಬಂದರು. 2011ರಲ್ಲಿ ದೆಹಲಿಯಲ್ಲಿ ಜವಾಹರಲಾಲ್ ನೆಹರೂ ಪ್ರಶಸ್ತಿ ಸ್ವೀಕರಿಸಿದರು. 2015ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದಾಗ ಪ್ರಧಾನಿ ನರೇಂದ್ರ ಮೋದಿ ಅವರೊಂದಿಗೆ ಬಾಷ್ ಸಂಸ್ಥೆಯ ತರಬೇತಿ ಕೇಂದ್ರಕ್ಕೆ ಭೇಟಿ ಕೊಟ್ಟರು.

ಲೆಕ್ಕದ ಪಾಠ

ಓದಿದ ವಿಜ್ಞಾನ ಆಡಳಿತದಲ್ಲಿ ಕೆಲಸಕ್ಕೆ ಬಂತೆ? 2020ರ ಏಪ್ರಿಲ್ 15ರ ಪತ್ರಿಕಾಗೋಷ್ಠಿ ಇದಕ್ಕೆ ಒಳ್ಳೆಯ ನಿದರ್ಶನ. ಕೊರೊನಾ ಹಬ್ಬುತ್ತಿದ್ದ ದಿನಗಳವು. ನಿರ್ಬಂಧಗಳನ್ನು ಒಮ್ಮೆಲೇ ಏಕೆ ಸಡಿಲಿಸಬಾರದು ಎಂಬುದನ್ನು ಮರ್ಕೆಲ್ ತರಗತಿಯಲ್ಲಿ ಪಾಠ ಹೇಳುವಂತೆ ವಿವರಿಸಿದರು. ಒಬ್ಬ ಸೋಂಕಿತ ಸರಾಸರಿ ಒಬ್ಬನಿಗೆ ಸೋಂಕು ದಾಟಿಸಿದರೆ ಹೆಚ್ಚಳವಿಲ್ಲ. ಈ ಸಂಖ್ಯೆ 1.1 ಆದರೆ ಅಕ್ಟೋಬರಿನ ಹೊತ್ತಿಗೆ ಆಸ್ಪತ್ರೆಗಳ ತುರ್ತು ಹಾಸಿಗೆಗಳು ಮುಗಿಯುತ್ತವೆ. 1.2 ಆದರೆ ಜುಲೈಗೆ, 1.3 ಆದರೆ ಜೂನಿಗೇ! ಲೆಕ್ಕ ಇಷ್ಟೇ. ಆದರೆ ಇಡೀ ಜಗತ್ತು ಅದನ್ನು ಕಿವಿಗೊಟ್ಟು ಕೇಳಿತು.

ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು. ಮೊದಲು 100 ಸೋಂಕಿತರಿದ್ದಾರೆ ಎನ್ನಿ. ಸಂಖ್ಯೆ 1.1 ಆದರೆ ಹತ್ತನೆಯ ಸುತ್ತಿನಲ್ಲಿ ಹೊಸದಾಗಿ ಸೋಂಕು ತಗಲುವವರು ಸುಮಾರು 259 ಮಂದಿ. ಸಂಖ್ಯೆ 1.3 ಆದರೆ ಸುಮಾರು 1,379 ಮಂದಿ. ದಶಾಂಶ ಬಿಂದುವಿನ ಬಲಗಡೆಯ ಒಂದು ಅಂಕಿ ಎಷ್ಟು ಜನರ ಜೀವದ ಪ್ರಶ್ನೆಯಾಗಬಲ್ಲದು! ‘ಈ ಘಾತಾಂಕ, ಈ ಲಾಗರಿದಮ್ ಮುಂದೆ ಯಾವ ಕೆಲಸಕ್ಕೆ ಬರುತ್ತದೆ?’ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಉತ್ತರ ಬೇಕೆ?

ತಪ್ಪು ಒಪ್ಪಿಕೊಂಡ ದಿನ

ಹೊಸ ಸಾಕ್ಷ್ಯ ಬಂದಾಗ ಹಳೆಯ ಅಭಿಪ್ರಾಯವನ್ನು ಕೈಬಿಡುವುದು ವಿಜ್ಞಾನದ ಇನ್ನೊಂದು ಪಾಠ. ಮರ್ಕೆಲ್ ಅಣು ವಿದ್ಯುತ್ತಿನ ಪರವಾಗಿದ್ದರು. 2010ರಲ್ಲಿ ಅವರ ಸರ್ಕಾರ ಅಣು ಸ್ಥಾವರಗಳ ಆಯುಷ್ಯವನ್ನು ಹೆಚ್ಚಿಸಿತ್ತು. 2011ರ ಮಾರ್ಚ್ 11ರ ಭೂಕಂಪ ಹಾಗೂ ಸುನಾಮಿಯಿಂದ ಜಪಾನಿನ ಫುಕುಶಿಮಾ ಸ್ಥಾವರದಲ್ಲಿ ದುರಂತ ಸಂಭವಿಸಿತು. ಜಪಾನಿನಂಥ ಮುಂದುವರಿದ ದೇಶದಲ್ಲೇ ಹೀಗಾದ ಮೇಲೆ ಅಪಾಯದ ಲೆಕ್ಕವನ್ನು ಹೊಸದಾಗಿ ಹಾಕಬೇಕೆಂದು ಅವರು ತಮ್ಮ ನಿಲುವನ್ನೇ ಬದಲಿಸಿದರು. ಕೊನೆಯ ಮೂರು ಸ್ಥಾವರಗಳು 2023ರ ಏಪ್ರಿಲಿನಲ್ಲಿ ನಿಂತವು. ಆ ತೀರ್ಮಾನ ಸರಿಯೇ ತಪ್ಪೇ ಎಂದು ವಿಜ್ಞಾನಿಗಳೇ ಇಂದಿಗೂ ವಾದಿಸುತ್ತಾರೆ.

2021ರ ಮಾರ್ಚಿನಲ್ಲಿ ಈಸ್ಟರ್ ಹಬ್ಬಕ್ಕೆ ಇಡೀ ದೇಶಕ್ಕೆ ಬೀಗ ಹಾಕುವ ತೀರ್ಮಾನ ಹೊರಬಿತ್ತು. ಅಷ್ಟು ಕಡಿಮೆ ಸಮಯದಲ್ಲಿ ಅದನ್ನು ಜಾರಿಗೆ ತರಲಾಗದೆಂದು ಮರುದಿನವೇ ಗೊತ್ತಾಯಿತು. ತೀರ್ಮಾನ ಕೈಗೊಂಡದ್ದು ರಾಜ್ಯಗಳ ಮುಖ್ಯಸ್ಥರೆಲ್ಲ ಕೂಡಿ. ಆದರೂ ಮರ್ಕೆಲ್ ಮಾರ್ಚ್ 24ರಂದು ಕ್ಯಾಮೆರಾದ ಮುಂದೆ ನಿಂತು, ತಪ್ಪು ತಮ್ಮೊಬ್ಬರದೇ ಎಂದು ಹೇಳಿ ಜನರ ಕ್ಷಮೆ ಕೇಳಿದರು.

ಲೆಕ್ಕಕ್ಕೆ ಸಿಗದ್ದು

ಹಾಗೆಂದು ಅವರ ಎಲ್ಲ ಲೆಕ್ಕವೂ ಸರಿಹೋಯಿತೆಂದಲ್ಲ. ಎಲ್ಲ ಮಾಹಿತಿ ಕೈಗೆ ಬರಲಿ ಎಂದು ಕಾಯುವ ಸ್ವಭಾವ ಎಷ್ಟೋ ಸಲ ಮೀನಮೇಷ ಎಣಿಸಿದಂತೆ ಕಂಡಿತು. ಜರ್ಮನಿಯ ಯುವಕರು ಅವರ ಹೆಸರನ್ನೇ ಕ್ರಿಯಾಪದ ಮಾಡಿ, ತೀರ್ಮಾನ ಮುಂದೂಡುವುದಕ್ಕೆ ‘ಮರ್ಕೆಲ್ನ್’ ಎಂದು ಹೇಳಿ ನಕ್ಕರು. ಆದರೆ 2015ರಲ್ಲಿ ಸಿರಿಯಾ ಮುಂತಾದ ದೇಶಗಳಿಂದ ನಿರಾಶ್ರಿತರು ಬಂದಾಗ ಗಡಿಯ ಬಾಗಿಲು ಮುಚ್ಚದಿರಲು ಅವರು ಹಾಗೆ ಕಾಯಲಿಲ್ಲ. ಗೋಡೆಯ ಹಿಂದೆ ಬೆಳೆದವರು ಗೋಡೆ ಕಟ್ಟಲೊಲ್ಲದೆ ಹೋದರು. ಆ ಒಂದೇ ವರ್ಷ ಸುಮಾರು 9 ಲಕ್ಷ ಮಂದಿ ಬಂದರು. ಜಗತ್ತು ಹೊಗಳಿತು. ದೇಶದೊಳಗೆ ಅಸಮಾಧಾನವೂ ಬೆಳೆಯಿತು, ವಲಸಿಗರನ್ನು ವಿರೋಧಿಸುವ ಪಕ್ಷ ಬಲಗೊಂಡಿತು.

ರಷ್ಯಾದ ವಿಷಯದಲ್ಲಿ ಟೀಕೆ ಇನ್ನೂ ಕಟುವಾಗಿದೆ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಬಳಿಸಿದ ಮೇಲೂ ಜರ್ಮನಿ ಅಗ್ಗದ ಅನಿಲಕ್ಕಾಗಿ ಅದೇ ದೇಶವನ್ನು ನೆಚ್ಚಿಕೊಂಡಿತು. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಆ ನೆಚ್ಚಿಕೆ ಎಷ್ಟು ದುಬಾರಿಯೆಂದು ತಿಳಿಯಿತು. 2024ರಲ್ಲಿ ಬಂದ ‘ಸ್ವಾತಂತ್ರ್ಯ’ ಎಂಬ ಹೆಸರಿನ ಆತ್ಮಕಥೆಯಲ್ಲಿ ಮರ್ಕೆಲ್ ತಮ್ಮ ನಿಲುವುಗಳನ್ನು ಸಮರ್ಥಿಸಿಕೊಂಡಿದ್ದಾರೆ. ಒಪ್ಪದವರು ಬಹಳ. ಅಣು ಒಡೆಯುವ ವೇಗವನ್ನು ಲೆಕ್ಕ ಹಾಕಬಹುದು. ಮನುಷ್ಯನ ಅಧಿಕಾರದಾಹಕ್ಕೆ ಅಂಥ ಸಮೀಕರಣ ಇನ್ನೂ ದೊರೆತಿಲ್ಲ.

2018ರಲ್ಲಿಯೇ ಅವರು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಸಾರಿದ್ದರು. ಹೇಳಿದಂತೆಯೇ 2021ರ ಡಿಸೆಂಬರ್ 8ರಂದು ಅಧಿಕಾರ ಒಪ್ಪಿಸಿ ಹೊರಬಂದರು. ಎರಡನೆಯ ಮಹಾಯುದ್ಧದ ನಂತರ ತಾವಾಗಿಯೇ ಚುನಾವಣೆಯಿಂದ ಹಿಂದೆ ಸರಿದು, ಅವಧಿ ಮುಗಿಸಿ ಪೀಠ ಬಿಟ್ಟ ಮೊದಲ ಜರ್ಮನ್ ಚಾನ್ಸಲರ್ ಅವರೇ.

ಮಕ್ಕಳು ವಿಜ್ಞಾನ ಓದುತ್ತೇವೆ ಎಂದಾಗ ‘ಮುಂದೆ ಏನು ಕೆಲಸ ಸಿಗುತ್ತದೆ?’ ಎಂದು ಮನೆಯಲ್ಲಿ ಕೇಳುವುದು ಸಹಜ. ಮೂವತ್ತೈದು ವರ್ಷದವರೆಗೆ ಅಣುಗಳ ಲೆಕ್ಕ ಹಾಕುತ್ತಿದ್ದ ಮಹಿಳೆ ಆಮೇಲೆ ಆ ಲೆಕ್ಕವನ್ನು ಮುಟ್ಟಲೇ ಇಲ್ಲ. ಹಾಗಾದರೆ ಓದಿದ್ದು ವ್ಯರ್ಥವಾಯಿತೆ? ಅಳೆದು ನೋಡುವುದು, ಸಾಕ್ಷ್ಯ ಕೇಳುವುದು, ತಪ್ಪಿದಾಗ ತಪ್ಪಿದೆ ಎನ್ನುವುದು, ಇವು ಅವರ ಜೊತೆಗೇ ಬಂದವು. ಗೋಡೆಯ ಬುಡದವರೆಗೆ ನಡೆದು ದಿನವೂ ತಿರುಗಿ ಹೋಗುತ್ತಿದ್ದ ದಿನಗಳಲ್ಲಿ, ಯಾವ ಸರ್ಕಾರವೂ ರದ್ದು ಮಾಡಲಾರದ ಒಂದಷ್ಟು ಸತ್ಯಗಳು ಅವರ ಕೈಚೀಲದಲ್ಲಿ ಇದ್ದವು. ಗೋಡೆ ಬಿದ್ದ ಮೇಲೂ ಅವು ಹಾಗೆಯೇ ಉಳಿದವು.